ಬಲಗಡೆಯಪ್ಪನ ಲೈಸೆನ್ಸು

ಇಷ್ಟೆಲ್ಲ ರಂಪಕ್ಕೆ ಕಾರಣ ಒಂದು ಎಡಗೈ.

ಆ ಕೈ ಬೇಕರಿಯಲ್ಲಿ ಹಿಟ್ಟು ನಾದುವ ಒಬ್ಬ ಬಡಪಾಯಿಯದು. ಮನುಷ್ಯ ಹುಟ್ಟಾ ಎಡಚ. ವರ್ಷಗಟ್ಟಲೆ ಹಿಟ್ಟನ್ನು ಗುದ್ದಿ, ಮಡಚಿ, ತಿರುವಿ ಹಾಕಿ ಮತ್ತೆ ಗುದ್ದಿ ಅವನ ಎಡ ರಟ್ಟೆ ಉಬ್ಬಿ ಕೂತಿತ್ತು. ಬಲ ರಟ್ಟೆ ಪಕ್ಕದಲ್ಲಿ ಬಡ ನೆಂಟನ ಹಾಗೆ ಜೋತಾಡುತ್ತಿತ್ತು. ಬರೀ ನಾದುತ್ತಿದ್ದಷ್ಟು ದಿನ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಅವನಿಗೆ ಡ್ರೈವರ್ ಆಗಬೇಕೆಂಬ ಆಸೆ ಹುಟ್ಟಿತು ನೋಡಿ, ಅಲ್ಲಿಂದ ಗ್ರಹಚಾರ ಶುರುವಾಯಿತು.

ಸ್ಟಿಯರಿಂಗ್ ಹಿಡಿದರೆ ಸಾಕು, ಎಡಗೈ ಅದನ್ನೂ ಹಿಟ್ಟಿನ ಮುದ್ದೆ ಅಂದುಕೊಂಡು ಮೇಲಕ್ಕೆ ನೂಕುತ್ತಿತ್ತು. ಗಾಡಿ ಮೆಲ್ಲಗೆ ಬಲಕ್ಕೆ ವಾಲುತ್ತಿತ್ತು. ಎಲ್ಲರೂ ರಸ್ತೆಯ ಎಡಗಡೆ ಹೋಗುವ ದೇಶದಲ್ಲಿ ಇವನೊಬ್ಬ ಬಲಗಡೆ ಹೊರಟರೆ ಲೈಸೆನ್ಸು ಕೊಡುವ ಬ್ರೇಕ್ ಇನ್ಸ್‌ಪೆಕ್ಟರು ಹಾರ ಹಾಕುತ್ತಾರೆಯೇ? ಪರೀಕ್ಷೆಗೆ ಹೋದಾಗಲೆಲ್ಲ ಎದುರಿನಿಂದ ಬರುವವರಿಗೆ ಜೀವ ಬಾಯಿಗೆ ಬರುತ್ತಿತ್ತು, ಇವನು ಫೇಲಾಗಿ ಮನೆಗೆ ಬರುತ್ತಿದ್ದ. ಬೀದಿಯವರು ಅವನಿಗೆ ‘ಬಲಗಡೆಯಪ್ಪ’ ಅಂತ ಹೆಸರಿಟ್ಟರು. ಹೆತ್ತವರು ಇಟ್ಟ ಹೆಸರು ಈಗ ಹೆಂಡತಿಗೂ ತಟ್ಟನೆ ನೆನಪಾಗುತ್ತಿರಲಿಲ್ಲ.

ಆದರೂ ಆಸೆ ಬಿಡಲಿಲ್ಲ ಪುಣ್ಯಾತ್ಮ. ಒಲೆಯ ಮುಂದೆ ನಿಂತು ನಿಂತು ಹುಬ್ಬು ಸುಟ್ಟುಹೋಗಿತ್ತು. ಡ್ರೈವರ್ ಆದರೆ ಕೂತು ದುಡಿಯಬಹುದು, ಒಂದಿಷ್ಟು ತಣ್ಣನೆ ಗಾಳಿ ಕುಡಿಯಬಹುದು. ಅದಕ್ಕಿಂತ ದೊಡ್ಡ ಕಾರಣ ಮನೆಯಲ್ಲೇ ಇತ್ತು. ಅದು ಅವನ ಅತ್ತೆ. ಆಕೆಯ ಕಿರಿಯ ಮಗಳ ಗಂಡ ಬಸ್ ಡ್ರೈವರ್. “ನಮ್ಮ ಚಿಕ್ಕಳಿಯಂದಿರು ಕೂತಲ್ಲೇ ಊರೆಲ್ಲ ಸುತ್ತಿ ಬರ್ತಾರೆ. ನಮ್ಮ ದೊಡ್ಡಳಿಯಂದಿರು ನಿಂತಲ್ಲೇ ಬೇಯ್ತಾರೆ” ಎಂದು ಆಕೆ ದಿನಕ್ಕೊಮ್ಮೆಯಾದರೂ ಹೇಳದೆ ಮಲಗುತ್ತಿರಲಿಲ್ಲ. ಪಾಪ, ಆಕೆಗೂ ಹೊತ್ತು ಹೋಗಬೇಕಲ್ಲ.

ಹೀಗಿರುವಾಗ ಸರ್ಕಾರಕ್ಕೆ ಜ್ಞಾನೋದಯವಾಯಿತು. ಸುತ್ತಲಿನ ದೇಶಗಳೆಲ್ಲ ಬಲಗಡೆ ಹೋಗುತ್ತಿರುವಾಗ ನಾವೊಬ್ಬರೇ ಎಡಗಡೆ ಹೋಗಿ ಗಡಿ ದಾಟಿದ ಕೂಡಲೇ ಡಿಕ್ಕಿ ಹೊಡೆಯುವುದು ಎಷ್ಟು ದಿನ? ಇಂಥ ದಿನ ಬೆಳಗಾಗುತ್ತಲೇ ದೇಶದ ಗಾಡಿಗಳೆಲ್ಲ ರಸ್ತೆಯ ಬಲಗಡೆ ಹೋಗತಕ್ಕದ್ದು ಎಂದು ಡಂಗುರ ಸಾರಿತು. ಆ ದಿನ ಬಂದೇ ಬಂತು.

“ರೀ, ಏಳ್ರೀ!” ಹೆಂಡತಿ ಹೊದಿಕೆ ಎಳೆದಳು. “ನೀವು ದೇಶದ ಕಡೆ ಹೋಗ್ಲಿಲ್ಲ. ದೇಶಾನೇ ನಿಮ್ಮ ಕಡೆ ಬಂದಿದೆ.”

ಬಲಗಡೆಯಪ್ಪ ಕಣ್ಣುಜ್ಜಿಕೊಂಡು ಕಿಟಕಿಯಿಂದ ಇಣುಕಿದ. ಬೀದಿಯಲ್ಲಿ ಒಂದೇ ಒಂದು ಗಾಡಿ ಸರಿಯಾಗಿ ಚಲಿಸುತ್ತಿರಲಿಲ್ಲ. ಎಲ್ಲರೂ ಹತ್ತು ಮಾರು ಬಲಗಡೆ ಹೋಗಿ, ಮೈಮರೆತು ಎಡಕ್ಕೆ ಜಾರಿ, ಎದುರಿನವನನ್ನು ಕಂಡು ಕಿರುಚಿ, ಬ್ರೇಕ್ ಹಾಕಿ ನಿಂತುಬಿಡುತ್ತಿದ್ದರು. ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋಗುತ್ತಿದ್ದರು. ಬಲಗಡೆಯಪ್ಪನಿಗೆ ಹೊಟ್ಟೆಯೊಳಗೆ ಯಾರೋ ಕಚಗುಳಿ ಇಟ್ಟಂತಾಯಿತು. ಅಷ್ಟು ಖುಷಿ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಹಾಗಂತ ಅವನು ಯಾರಿಗೂ ಹೇಳಲಿಲ್ಲ, ಹೆಂಡತಿ ಪಕ್ಕದಲ್ಲೇ ಇದ್ದಳು.

ಬೇಕರಿಗೆ ಹೊರಟರೆ ಮೆಟ್ಟಿಲ ಮೇಲೆ ಇಬ್ಬರು ದಾರಿ ಕಟ್ಟಿ ವಾದಕ್ಕೆ ನಿಂತಿದ್ದರು. ಒಬ್ಬರು ಕೆಳಮನೆಯ ಇತಿಹಾಸದ ಮೇಷ್ಟ್ರು, ಕೆಲಸದಿಂದ ನಿವೃತ್ತರು, ಪಾಠದಿಂದ ಅಲ್ಲ. ಇನ್ನೊಬ್ಬ ಎದುರು ಅಂಗಡಿಯ ದರ್ಜಿ. ಅಳತೆ ಟೇಪು ಕೊರಳಲ್ಲಿ ಇಲ್ಲದಿದ್ದರೆ ಅವನಿಗೆ ಮಾತು ಹೊರಡುತ್ತಿರಲಿಲ್ಲ.

“ಎಡಗಡೆ ಹೋಗೋದೇ ಮನುಷ್ಯನ ಧರ್ಮ ಕಣಯ್ಯ,” ಮೇಷ್ಟ್ರು ಕೊಡೆಯನ್ನು ಕತ್ತಿಯಂತೆ ಝಳಪಿಸಿದರು. “ಹಿಂದೆ ಕುದುರೆ ಮೇಲೆ ಹೋಗ್ತಿದ್ರು. ಸೊಂಟದಲ್ಲಿ ಕತ್ತಿ. ಎದುರಿಂದ ಬರೋನು ಸ್ನೇಹಿತನೋ ದರೋಡೆಕೋರನೋ ಯಾರಿಗೆ ಗೊತ್ತು? ಎಡಕ್ಕೆ ಹೋದ್ರೆ ಬಲಗೈ ಅವನ ಕಡೆಗಿರುತ್ತೆ. ಸ್ನೇಹಿತನಾದ್ರೆ ಕೈ ಕುಲುಕು, ಕಳ್ಳನಾದ್ರೆ ಕಡಿ!”

“ಕತ್ತಿ ಇದ್ದೋರು ಊರಲ್ಲಿ ಎಷ್ಟು ಜನ ಮೇಷ್ಟ್ರೇ? ದವಸ ಸಾಗಿಸೋರು ಬೇಡ್ವಾ?” ದರ್ಜಿ ಟೇಪನ್ನೇ ಚಾವಟಿ ಮಾಡಿಕೊಂಡ. “ನಾಲ್ಕಾರು ಕುದುರೆ ಕಟ್ಟಿದ ದೊಡ್ಡ ಬಂಡಿ. ಕೂರೋಕೆ ಜಾಗ ಇಲ್ಲ. ಬಂಡಿಯವನು ಹಿಂದಿನ ಎಡಗಡೆ ಕುದುರೆ ಮೇಲೆ ಕೂರ್ತಿದ್ದ, ಬಲಗೈಯಲ್ಲಿ ಚಾವಟಿ ಬೀಸೋಕೆ. ಎಡಕ್ಕೆ ಕೂತೋನು ಎದುರು ಬಂಡಿ ಗಾಲಿ ತಗುಲುತ್ತೋ ಇಲ್ವೋ ಬಗ್ಗಿ ನೋಡ್ಬೇಕು ಅಂದ್ರೆ ರಸ್ತೆ ಬಲಗಡೆ ಹೋಗ್ಬೇಕು. ಹಾಗಾಗಿ ಬಂಡಿ ಜಾಸ್ತಿ ಇದ್ದ ದೇಶ ಬಲಕ್ಕೆ ಹೋಯ್ತು.”

“ಕತ್ತಿ ದೊಡ್ಡದೋ ಚಾವಟಿ ದೊಡ್ಡದೋ?”

“ಹೊಟ್ಟೆ ದೊಡ್ಡದು ಮೇಷ್ಟ್ರೇ!”

ಎರಡೂ ಪಕ್ಷಗಳು ಬಲಗಡೆಯಪ್ಪನ ಕಡೆ ತಿರುಗಿ ತೀರ್ಪು ಕೇಳಿದವು. ಅವನು, “ಇಬ್ಬರೂ ಒಂದೇ ಕಡೆ ಸರಿದ್ರೆ ನಾನು ಇಳಿದು ಹೋಗ್ತೀನಿ” ಎಂದ. ಒಬ್ಬರು ಎಡಕ್ಕೆ ಸರಿದರು, ಒಬ್ಬ ಬಲಕ್ಕೆ ಸರಿದ. ಅವನು ನಡುವೆ ನುಸುಳಿಕೊಂಡು ಹೋದ.

ಬೇಕರಿಯಲ್ಲಿ ಯಜಮಾನರು ತಲೆ ಮೇಲೆ ಕೈಹೊತ್ತು ಕೂತಿದ್ದರು. ವ್ಯಾನಿನ ಡ್ರೈವರ್ ಬೆಳಿಗ್ಗೆ ಬಂದು, “ಈ ವಯಸ್ಸಲ್ಲಿ ನಂಗೆ ಬಲಗಡೆ ಕಲಿಸ್ಬೇಡಿ ಯಜಮಾನ್ರೇ” ಎಂದು ಬೀಗದ ಕೈಯನ್ನು ಗಲ್ಲಾದ ಮೇಲಿಟ್ಟು ಮನೆಗೆ ಹೋಗಿದ್ದ. ಬ್ರೆಡ್ಡು ತುಂಬಿದ ವ್ಯಾನು ಬಾಗಿಲಲ್ಲಿ ನಿಂತಿತ್ತು. ಬೀದಿ ಬೀದಿಯಲ್ಲಿ ನಿಲ್ಲಿಸಿ ಬ್ರೆಡ್ಡು ಮಾರುವ ವ್ಯಾನು ಅದು. ಎಡ ಮಗ್ಗುಲಲ್ಲಿ ಮೇಲಕ್ಕೆತ್ತುವ ದೊಡ್ಡ ಕಿಟಕಿ. ಗಿರಾಕಿಗಳು ಕಾಲುದಾರಿಯಲ್ಲಿ ನಿಂತು ಕೈ ಚಾಚಿದರೆ ಒಳಗಿನಿಂದ ಬ್ರೆಡ್ಡು ಸಿಗುತ್ತಿತ್ತು.

ಬಲಗಡೆಯಪ್ಪನನ್ನು ಕಂಡದ್ದೇ ಯಜಮಾನರ ಮುಖದಲ್ಲಿ ದೀಪ ಹತ್ತಿಕೊಂಡಿತು.

“ಬಾರೋ ಬಾರೋ! ನಿನ್ನ ಆ ದರಿದ್ರ ಎಡಗೈ ಇನ್ನೂ ಹಾಗೇ ಇದೆಯೇನೋ?”

“ಇದೆ ಯಜಮಾನ್ರೇ. ಹುಟ್ಟುಗುಣ ಸುಟ್ರೂ ಹೋಗುತ್ತಾ?”

“ಹೋಗೋದು ಬೇಡ, ಇರ್ಲಿ! ಇವತ್ತೇ ಪರೀಕ್ಷೆಗೆ ಹೋಗು. ಸಂಜೆ ಬ್ರೆಡ್ಡು ಸಾಗಿಸೋ ಹೊತ್ತಿಗೆ ಲೈಸೆನ್ಸು ನಿನ್ನ ಕೈಯಲ್ಲಿದ್ರೆ ಡ್ರೈವರ್ ಕೆಲಸ ನಿಂದು. ನಾನು ಮಾತಿಗೆ ತಪ್ಪೋನಲ್ಲ. ಇಲ್ದಿದ್ರೆ ನಾಳೆ ನನ್ನ ಬಾಮೈದ ಬಂದು ಕೂರ್ತಾನೆ. ಆಮೇಲೆ ನೀನು ಒಲೆ ಮುಂದೆ ನಿಂತ್ಕೊಂಡು ಡ್ರೈವರ್ ಗೀವರ್ ಅಂತ ಉಸಿರೆತ್ತಬಾರದು.”

ಕಲಿಯುವವನ ಪಕ್ಕದಲ್ಲಿ ಲೈಸೆನ್ಸು ಇದ್ದವರೊಬ್ಬರು ಕೂರಬೇಕೆಂಬುದು ಕಾನೂನು. ಬೀದಿಯಲ್ಲಿ ಬಿಡುವಾಗಿರುವ ಲೈಸೆನ್ಸು ಎಂದರೆ ಮೇಷ್ಟ್ರದೊಂದೇ. ಅವರು ಕೊಡೆ ಸಮೇತ ಮುಂದೆ ಹತ್ತಿದರು. ಮೇಷ್ಟ್ರು ಹೋದರೆ ವಾದ ಅರ್ಧಕ್ಕೆ ನಿಲ್ಲುತ್ತದೆಂದು ದರ್ಜಿಯೂ ಹಿಂದೆ ಹತ್ತಿದ. “ಬ್ರೇಕ್ ಇನ್ಸ್‌ಪೆಕ್ಟರ ಪ್ಯಾಂಟು ಹೊಲಿದಿಟ್ಟಿದ್ದೀನಿ ಕಣಣ್ಣ. ಕೈಯಾರೆ ಕೊಟ್ಟು, ನಿನ್ನ ಬಗ್ಗೆ ಒಂದು ಮಾತು ಹಾಕ್ತೀನಿ” ಎಂದು ಕಾಗದದ ಪೊಟ್ಟಣ ತೋರಿಸಿದ. ವ್ಯಾನು ಮನೆಯ ಮುಂದೆ ಹಾದುಹೋಗುವಾಗ ಅತ್ತೆ ಅಡ್ಡ ನಿಂತು ನಿಲ್ಲಿಸಿದಳು.

“ನಾನೂ ಬರ್ತೀನಿ ಅಳಿಯಂದಿರೇ. ಪ್ರತಿ ಸಲ ನೀವು ಹೇಗೆ ಫೇಲಾಗ್ತೀರ ಅಂತ ಕೇಳೇ ತಿಳ್ಕೊಂಡಿದ್ದೀನಿ. ಒಂದ್ಸಲ ಕಣ್ಣಾರೆ ನೋಡ್ಬೇಕು.”

ಹಿರಿಯರ ಆಸೆ, ಇಲ್ಲ ಅನ್ನುವುದು ಹೇಗೆ? ಬ್ರೆಡ್ಡಿನ ತಟ್ಟೆಗಳ ನಡುವೆ ಒಂದು ಮಗುಚಿದ ಡಬ್ಬದ ಮೇಲೆ ಆಕೆಯ ಸ್ಥಾಪನೆಯಾಯಿತು.

ವ್ಯಾನು ಹೊರಟಿತು. ಆಹಾ, ಏನು ಹೇಳಲಿ! ಎಡಗೈ ತನ್ನ ಪಾಡಿಗೆ ತಾನು ಮೇಲಕ್ಕೆ ನೂಕಿತು, ಗಾಡಿ ತನ್ನ ಪಾಡಿಗೆ ತಾನು ಬಲಗಡೆ ಹಿಡಿಯಿತು, ಕಾನೂನು ತನ್ನ ಪಾಡಿಗೆ ತಾನು ಜೊತೆಗೆ ಬಂತು. ಊರಿಗೆ ಊರೇ ಅಂಬೆಗಾಲಿಡುತ್ತಿದ್ದಾಗ ಬಲಗಡೆಯಪ್ಪನೊಬ್ಬ ಎದೆಯೆತ್ತಿ ಓಡುತ್ತಿದ್ದ. ಹಿಂದೆ ಇವನನ್ನು ಕಂಡರೆ ಚರಂಡಿಗೆ ಹಾರುತ್ತಿದ್ದವರು ಇವತ್ತು ನಿಂತು ಬೆರಗಾಗಿ ನೋಡಿದರು. ಒಬ್ಬ ಟ್ಯಾಕ್ಸಿಯವನು, “ನೀನು ಮುಂದೆ ನಡಿಯಪ್ಪ, ನಿನ್ನ ಹಿಂದೇ ಬರ್ತೀನಿ” ಎಂದು ಬಾಲ ಹಿಡಿದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಸ್ವಲ್ಪ ಹೊತ್ತಿನಲ್ಲಿ ವ್ಯಾನಿನ ಹಿಂದೆ ದಿಬ್ಬಣವೇ ಬರುತ್ತಿತ್ತು.

“ಎಡಕ್ಕೆ! ಎಡಕ್ಕೆ!” ಮೇಷ್ಟ್ರು ಹಳೆಯ ಅಭ್ಯಾಸದಲ್ಲಿ ಕೂಗಿ, ತಕ್ಷಣ ತಾವೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

“ನೋಡಿದ್ರಾ, ಕತ್ತಿ ಇನ್ನೂ ಸೊಂಟದಲ್ಲೇ ಇದೆ” ಎಂದು ಹಿಂದಿನಿಂದ ದರ್ಜಿ ಚುಚ್ಚಿದ.

ಎಲ್ಲ ಸುಸೂತ್ರವಾಗಿ ಹೋಗುತ್ತಿತ್ತು. ಅಷ್ಟರಲ್ಲಿ ಒಳಗೆ ಕೂತ ಅತ್ತೆಗೆ ಸೆಕೆಯಾಯಿತು. ಗಾಳಿ ಬರಲೆಂದು ಆಕೆ ಮಗ್ಗುಲಿನ ಕಿಟಕಿಯನ್ನು ಮೇಲಕ್ಕೆತ್ತಿದಳು. ಬೆಳಗಿನಿಂದ ಬ್ರೆಡ್ಡು ಕಾಣದೆ ಕಾದಿದ್ದ ಹೆಂಗಸರು ಕಿಟಕಿ ತೆರೆದದ್ದನ್ನು ಕಂಡು ಮನೆಗಳಿಂದ ಓಡಿಬಂದರು. ಬಲಗಡೆಯಪ್ಪ ಬೇರೆ ದಾರಿಯಿಲ್ಲದೆ ನಿಲ್ಲಿಸಿದ. ಆದರೆ ವ್ಯಾನು ಈಗ ರಸ್ತೆಯ ಬಲ ಅಂಚಿನಲ್ಲಿತ್ತು, ಕಿಟಕಿ ಎಡ ಮಗ್ಗುಲಲ್ಲಿತ್ತು. ಗಿರಾಕಿಗಳ ಸಾಲು ಕಾಲುದಾರಿ ಬಿಟ್ಟು ನಟ್ಟನಡು ರಸ್ತೆಯಲ್ಲಿ ಹಬ್ಬಿತು.

ಅತ್ತೆಗೆ ಹುರುಪು ಬಂತು. “ಒಬ್ಬೊಬ್ಬರೇ ಬನ್ನಿ, ಬಿಸಿಯಾಗಿದೆ, ಮೆತ್ತಗಿದೆ!” ಎಂದು ಹುಟ್ಟಿದಾಗಿನಿಂದ ಬ್ರೆಡ್ಡು ಮಾರಿದವಳಂತೆ ಶುರುಮಾಡಿದಳು. ದರ್ಜಿ ಕಾಗದದಲ್ಲಿ ಸುತ್ತಿಕೊಟ್ಟ. ಹಿಂದಿದ್ದ ಟ್ಯಾಕ್ಸಿಗಳು ಹಾರನ್ನು ಒತ್ತಿದವು. ಅದೇ ಹೊತ್ತಿಗೆ ಎದುರಿನಿಂದ, ಹಳೆಯ ಅಭ್ಯಾಸದಂತೆ ತನ್ನ ಎಡಗಡೆ ಹಿಡಿದು, ಒಂದು ಬಸ್ಸು ಗುರುಗುಟ್ಟುತ್ತ ಬಂದು ವ್ಯಾನಿನ ಮೂಗಿಗೆ ಮೂಗು ತಾಗುವಂತೆ ನಿಂತಿತು.

“ಯಾವನಯ್ಯ ಅವನು ತಪ್ಪು ಕಡೆ ಬಂದೋನು!” ಎಂದು ಬಸ್ಸಿನ ಡ್ರೈವರ್ ತಲೆ ಹೊರಹಾಕಿದ. ಹಾಕಿದವನು ಹಾಗೇ ಪೆಚ್ಚಾದ. ಅವನು ಬೇರೆ ಯಾರೂ ಅಲ್ಲ, ಬಲಗಡೆಯಪ್ಪನ ಷಡ್ಡಕ, ಅತ್ತೆಯ ಮುದ್ದಿನ ಚಿಕ್ಕಳಿಯ. “ಭಾವ... ನೀವಾ? ನಾನು... ಅಯ್ಯೋ, ಇವತ್ತು ಬಲಗಡೆ ಅಲ್ವಾ?” ಬೆಳಗಿನಿಂದ ಎರಡು ಕಂಬ, ಒಂದು ಹಣ್ಣಿನ ಅಂಗಡಿಯ ಮುಂಗಟ್ಟು ಅವನ ಬಸ್ಸಿಗೆ ಬಲಿಯಾಗಿದ್ದವಂತೆ.

ಅತ್ತೆ ಕಿಟಕಿಯಿಂದ ಅರ್ಧ ಮೈ ಹೊರಚಾಚಿದಳು. “ಏನ್ರೀ ಚಿಕ್ಕಳಿಯಂದಿರೇ, ಕಣ್ಣು ಕಾಣಲ್ವಾ? ದೊಡ್ಡವರು ಬರ್ತಾ ಇದ್ದಾರೆ, ಹಿಂದಕ್ಕೆ ತಗೊಳ್ಳಿ!”

ಬಲಗಡೆಯಪ್ಪನಿಗೆ ಕಣ್ಣಲ್ಲಿ ನೀರೇ ಬಂತು. ಆ ಒಂದು ಮಾತು ಕೇಳುವುದಕ್ಕೆ ಅವನು ಎಷ್ಟು ವರ್ಷ ಬೆಂದಿದ್ದ! ಬಸ್ಸು ಹಿಂದೆ ಸರಿಯುವಷ್ಟರಲ್ಲಿ ಬಸ್ಸಿನವರೂ ಇಳಿದು ಬ್ರೆಡ್ಡು ಕೊಂಡರು. ಅದೇ ಹೊತ್ತಿಗೆ ಬಂದ ಲಾರಿಯೊಂದು ಸಾಲಿನಲ್ಲಿದ್ದ ದಪ್ಪ ಹೆಂಗಸಿನ ಬುಟ್ಟಿಯನ್ನು ಸವರಿಕೊಂಡು ಹೋಯಿತು. ಬುಟ್ಟಿ ಪುಡಿ, ಹೆಂಗಸು ಗಟ್ಟಿ. “ನಡು ರಸ್ತೇಲಿ ವ್ಯಾಪಾರ ಮಾಡಿ ಜನಾನ ಸಾಯಿಸ್ತೀರಾ? ಈಗ್ಲೇ ನಿಮ್ಮ ಯಜಮಾನನಿಗೆ ಹೇಳ್ತೀನಿ!” ಎಂದು ಆಕೆ ಬೇಕರಿಯ ದಿಕ್ಕಿಗೆ ದಾಪುಗಾಲು ಹಾಕಿದಳು. ಬಲಗಡೆಯಪ್ಪ ಕಿಟಕಿ ಮುಚ್ಚಿಸಿ ವ್ಯಾನು ಬಿಟ್ಟ. ದೂರು ಹೋಗುವ ಮೊದಲು ಲೈಸೆನ್ಸು ಬಂದರೆ ಸಾಕಾಗಿತ್ತು.

ಸಾರಿಗೆ ಕಚೇರಿಯ ಮೈದಾನದಲ್ಲಿ ಶೋಕಸಭೆಯ ಕಳೆ. ಬೆಳಗಿನಿಂದ ಪರೀಕ್ಷೆಗೆ ಬಂದವರೆಲ್ಲ ಗೇಟು ದಾಟಿದ ಕೂಡಲೇ ಎಡಕ್ಕೆ ತಿರುಗಿ ಫೇಲಾಗಿ, ಗೋಡೆಗೊರಗಿ ಕೂತಿದ್ದರು. ಬ್ರೇಕ್ ಇನ್ಸ್‌ಪೆಕ್ಟರ ಅಂಗಿಯ ಗುಂಡಿ ಕಿತ್ತಿತ್ತು, ಹಣೆಗೆ ಪಟ್ಟಿ ಅಂಟಿತ್ತು. ಬಲಗಡೆಯಪ್ಪನನ್ನು ಕಂಡದ್ದೇ ಅವರು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು.

“ನೀನಾ! ಬೇರೆಯವರ ಕೈಲಿ ಒಂದು ಕಡೆ ಪೆಟ್ಟಾಗಿದೆ. ಉಳಿದದ್ದು ನಿನ್ನ ಪಾಲೇನಯ್ಯ?”

ದರ್ಜಿ ನಡುವೆ ನುಗ್ಗಿದ. “ಸಾರ್, ತಮ್ಮ ಪ್ಯಾಂಟು. ಹುಡುಗ ಒಳ್ಳೆಯವನು, ಒಂದು ಸ್ವಲ್ಪ ನೋಡ್ಕೊಳ್ಳಿ.”

“ಪ್ಯಾಂಟು ತೋರ್ಸಿ ಲೈಸೆನ್ಸ್ ಕೇಳ್ತೀರಾ?” ಇನ್ಸ್‌ಪೆಕ್ಟರು ಸಿಡಿದೆದ್ದರು. “ಕಾಲು ಗಿಡ್ಡ ಹೊಲಿದು ಮೂರು ಸಲ ಅಲೆಸಿದ್ದು ಸಾಲ್ದಾ? ನಡೀರಿ ಆಚೆ!”

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಇತಿಹಾಸದಲ್ಲಿ ಎಡಬಲಗಳ ಸ್ಥಾನದ ಬಗ್ಗೆ ನಾಲ್ಕು ಮಾತು ಹೇಳಲು ಮುಂದಾದರು. ಬಲಗಡೆಯಪ್ಪ ಎರಡೂ ಕೈ ಜೋಡಿಸಿ ಅವರನ್ನು ಹಿಂದೆ ಕೂರಿಸಿದ. ಕೆಲಸ ಕೈತಪ್ಪಿಯೇ ಹೋಯಿತು ಅನ್ನಿಸಿತು. “ಸಾರ್, ಇದೊಂದೇ ಒಂದು ಸಲ. ಫೇಲಾದ್ರೆ ಇನ್ನು ನಿಮ್ಮ ಮೈದಾನಕ್ಕೆ ಕಾಲಿಡಲ್ಲ. ಆಣೆ.”

ಇನ್ನೆಂದೂ ಬರುವುದಿಲ್ಲ ಎಂಬ ಮಾತು ಇನ್ಸ್‌ಪೆಕ್ಟರಿಗೆ ಹಿಡಿಸಿತು. ಹತ್ತಿ ಕೂತರು.

ವ್ಯಾನು ಗೇಟು ದಾಟಿತು. ಬಲಕ್ಕೆ ತಿರುಗಿತು. ಬಲ ಅಂಚಿಗೆ ಅಂಟಿಕೊಂಡು, ನೂಲು ಹಿಡಿದಂತೆ ಹೋಯಿತು. ವೃತ್ತ ಬಂತು, ಸುತ್ತಿತು. ಅಡ್ಡರಸ್ತೆ ಬಂತು, ನಿಂತಿತು. ಗೋಡೆಗೊರಗಿ ಕೂತಿದ್ದ ಫೇಲಾದವರೆಲ್ಲ ಎದ್ದು ನಿಂತರು. ಇನ್ಸ್‌ಪೆಕ್ಟರು ಹಿಡಿದ ಸೀಟು ಬಿಟ್ಟರು, ಆಮೇಲೆ ಬಿಗಿಹಿಡಿದ ಉಸಿರು ಬಿಟ್ಟರು.

“ಕೊನೇ ಪ್ರಶ್ನೆ. ಕೆಲವು ದೇಶ ಎಡಕ್ಕೆ, ಕೆಲವು ದೇಶ ಬಲಕ್ಕೆ ಹೋಗುತ್ತಲ್ಲ. ಯಾಕೆ?”

“ಕತ್ತಿ!” ಹಿಂದಿನಿಂದ ಮೇಷ್ಟ್ರು.

“ಚಾವಟಿ!” ದರ್ಜಿ.

“ಗಂಡಸರು ಸಾರ್,” ಅತ್ತೆ. “ಎಲ್ಲಾದ್ರೂ ನಾಲ್ಕು ಗಂಡಸರು ಒಂದು ಮಾತಿಗೆ ಒಪ್ಪಿದ್ದುಂಟಾ?”

ಬಲಗಡೆಯಪ್ಪ ಬೆವರಿದ. “ಗೊತ್ತಿಲ್ಲ ಸಾರ್. ನಾನು ಬಲಕ್ಕೆ ಹೋಗೋದು ನನ್ನ ಎಡಗೈ ಗಟ್ಟಿ ಅಂತ. ಬೇರೆಯವರ ಮನೆ ವಿಚಾರ ನಂಗ್ಯಾಕೆ?”

ಇನ್ಸ್‌ಪೆಕ್ಟರು ಮೊದಲ ಸಲ ನಕ್ಕರು. ಕಚೇರಿಯೊಳಗೆ ಹೋಗಿ ಠಪ್ಪನೆ ಮುದ್ರೆ ಒತ್ತಿ, ಹೊಸ ಪದ್ಧತಿಯಲ್ಲಿ ಊರಿಗೆ ಮೊದಲನೆಯ ಲೈಸೆನ್ಸನ್ನು ಅವನ ಕೈಯಲ್ಲಿಟ್ಟರು. “ಇವತ್ತು ಈ ಊರಲ್ಲಿ ಸರಿಯಾಗಿ ಗಾಡಿ ಓಡಿಸೋನು ನೀನೊಬ್ಬನೇ ಕಣಯ್ಯ. ಮರ್ಯಾದೆ ಉಳಿಸ್ಕೊ.”

ವಾಪಸು ಬರುವ ದಾರಿಯುದ್ದಕ್ಕೂ ಅತ್ತೆ ಲೈಸೆನ್ಸನ್ನು ತಾನೇ ಹಿಡಿದು ಕೂತಿದ್ದಳು. ಮನೆಯ ಮುಂದೆ ಇಳಿಯುವಾಗ ಅದನ್ನು ಸೆರಗಿನಿಂದ ಒರೆಸಿ ಹಿಂದಿರುಗಿಸಿ, “ಸಂಜೆ ಬಾಗಿಲಲ್ಲಿ ನಿಂತಿರ್ತೀನಿ. ಡ್ರೈವರ್ ಆಗಿ ಈ ಬೀದೀಲಿ ಬರೋದನ್ನ ನಾಲ್ಕು ಜನ ನೋಡ್ಲಿ” ಎಂದಳು. ಹೆಂಡತಿ ಬಾಗಿಲಲ್ಲಿ ನಿಂತು ಅವನನ್ನೇ ನೋಡಿದಳು. ಆ ನೋಟ ಕಂಡು ಅವನಿಗೆ ಎರಡು ಗೇಣು ಎತ್ತರ ಬೆಳೆದಂತಾಯಿತು.

ಬೇಕರಿಯ ಮುಂದೆ ವ್ಯಾನು ನಿಲ್ಲಿಸಿ ಬಲಗಡೆಯಪ್ಪ ಜಿಗಿದಿಳಿದ. ಯಜಮಾನರು ಬಾಗಿಲಲ್ಲೇ ಇದ್ದರು. ಪಕ್ಕದಲ್ಲಿ ಲಾಂಡ್ರಿಯವನು ಹಲ್ಲು ಕಿರಿಯುತ್ತ ನಿಂತಿದ್ದ.

“ಯಜಮಾನ್ರೇ, ಪಾಸು!”

“ಶಭಾಷ್! ನಂಗೊತ್ತಿತ್ತು!” ಯಜಮಾನರು ಬಾಚಿ ತಬ್ಬಿಕೊಂಡರು. “ಕೆಲಸ ನಿಂದೇ. ಇವತ್ತಿಂದ ನೀನೇ ನಮ್ಮ ಬೇಕರಿ ಡ್ರೈವರ್.”

ಲಾಂಡ್ರಿಯವನು ಕೈ ಚಾಚಿದ. ಅಭಿನಂದನೆ ಹೇಳುತ್ತಾನೆಂದು ಬಲಗಡೆಯಪ್ಪನೂ ಕೈ ಚಾಚಿದ. ಲಾಂಡ್ರಿಯವನು ಅವನ ಕೈಯಲ್ಲಿದ್ದ ಬೀಗದ ಕೈ ತೆಗೆದುಕೊಂಡು ವ್ಯಾನು ಹತ್ತಿ ಕೂತ.

“ಇದೇನು ಯಜಮಾನ್ರೇ?”

“ಬೆಳಿಗ್ಗೆ ಒಬ್ಬಳು ದಪ್ಪ ಹೆಂಗಸು ಬಂದು ಅರ್ಧ ಬೀದಿ ಸೇರಿಸಿಬಿಟ್ಟಳು ಕಣೋ. ಯೋಚ್ನೆ ಮಾಡಿ ನೋಡಿದೆ, ಅವಳು ಹೇಳೋದೂ ಸರಿ. ವ್ಯಾನಿನ ಕಿಟಕಿ ಎಡಕ್ಕಿದೆ. ಇನ್ಮೇಲೆ ಬ್ರೆಡ್ಡು ಬೇಕಾದೋರು ನಡು ರಸ್ತೇಲಿ ನಿಂತು ಸಾಯ್ಬೇಕಾ? ಲಾಂಡ್ರಿಗೆ ಕಿಟಕಿ ಯಾವ ಕಡೆ ಇದ್ರೇನು, ಬಟ್ಟೆ ಹಿಂದಿನ ಬಾಗಿಲಿಂದ ಹೋಗುತ್ತೆ. ಅದಕ್ಕೇ ಅದಲು ಬದಲು ಮಾಡ್ಕೊಂಡ್ವಿ.” ಯಜಮಾನರು ತಮ್ಮ ಬುದ್ಧಿವಂತಿಕೆಗೆ ತಾವೇ ತಲೆದೂಗುತ್ತ ಪಕ್ಕಕ್ಕೆ ಸರಿದರು. “ನೋಡು, ಎರಡೂ ಕಡೆ ತೆರೆದಿದೆ. ಸರ್ಕಾರ ನಾಳೆ ಮತ್ತೆ ಎಡಕ್ಕೆ ಅಂದ್ರೂ ನಮಗೆ ಚಿಂತೆಯಿಲ್ಲ!”

ಅಲ್ಲಿ ಲಾಂಡ್ರಿಯ ಕುದುರೆ ಬಂಡಿ ನಿಂತಿತ್ತು. ಮುಂದೆ ಕಂದು ಬಣ್ಣದ ವಯಸ್ಸಾದ ಕುದುರೆ, ಹುಲ್ಲು ಅಗಿಯುತ್ತ.

ಬಲಗಡೆಯಪ್ಪ ಕುದುರೆಯನ್ನು ನೋಡಿದ, ಲೈಸೆನ್ಸನ್ನು ನೋಡಿದ. “ಇದಕ್ಕೆ... ಲೈಸೆನ್ಸು?”

“ಕುದುರೆಗೆ ಯಾಕೋ ಲೈಸೆನ್ಸು? ಆದ್ರೂ ಇಟ್ಕೊಂಡಿರು, ಇದ್ರೆ ಚಂದ. ಹೂಂ, ಸಂಜೆ ಬ್ರೆಡ್ಡು ಹೇರಿದ್ದಾಗಿದೆ, ನಡಿ ನಡಿ!”

ಹೋಗಲಿ, ಕೂತೇ ದುಡಿಯುವ ಕೆಲಸ ತಾನೆ, ಗಾಳಿಗೂ ಬರವಿಲ್ಲ ಎಂದು ಸಮಾಧಾನ ಮಾಡಿಕೊಂಡು ಬಲಗಡೆಯಪ್ಪ ಬಂಡಿ ಹತ್ತಿದ. ಲೈಸೆನ್ಸನ್ನು ಜೇಬಿನಿಂದ ಅರ್ಧ ಕಾಣುವಂತೆ ಇಟ್ಟುಕೊಂಡ. ಲಗಾಮು ಅಲ್ಲಾಡಿಸಿದ.

ಕುದುರೆ ನೆಟ್ಟಗೆ ರಸ್ತೆಯ ಎಡಗಡೆಗೆ ಹೋಗಿ ನಡೆಯತೊಡಗಿತು.

ಅದರ ತಪ್ಪೇನಿದೆ ಹೇಳಿ? ಮರಿಯಾಗಿದ್ದಾಗಿನಿಂದ ಅದು ಎಡಗಡೆಯೇ ನಡೆದದ್ದು. ಸರ್ಕಾರ ಡಂಗುರ ಸಾರಿದಾಗ ಅದು ಲಾಯದಲ್ಲಿ ನಿದ್ದೆ ಮಾಡುತ್ತಿತ್ತು. ಬಲಗಡೆಯಪ್ಪ ಬಲ ಲಗಾಮು ಎಳೆದ. ಕುದುರೆ ಕತ್ತನ್ನು ಮಾತ್ರ ಬಲಕ್ಕೆ ತಿರುಗಿಸಿ, ಅವನನ್ನೊಮ್ಮೆ ವಿಚಿತ್ರವಾಗಿ ನೋಡಿ, ಕಾಲನ್ನು ಎಡಕ್ಕೇ ಹಾಕಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗಾಯಿತು. ಇಡೀ ಬೇಕರಿಯ ಹಿಟ್ಟನ್ನು ಮಣಿಸಿದ ಎಡ ರಟ್ಟೆಯನ್ನೂ ಕೂಡಿಸಿ, ಎರಡೂ ಕೈಯಿಂದ ಎಳೆದ. ಕುದುರೆ ನಿಂತಿತು. ಬಿಟ್ಟ. ಎಡಗಡೆಯೇ ಹೊರಟಿತು.

ಅಷ್ಟೇ ಆಗಿದ್ದರೆ ಆಗುತ್ತಿತ್ತು. ಲಾಂಡ್ರಿಯ ಪ್ರತಿಯೊಬ್ಬ ಗಿರಾಕಿಯ ಮನೆ ಅದಕ್ಕೆ ಬಾಯಿಪಾಠವಾಗಿತ್ತು. ಮೊದಲ ಮನೆಯ ಮುಂದೆ ತಾನೇ ನಿಂತಿತು. ಒಬ್ಬಾಕೆ ಹೊರಬಂದು, ತಲೆಯೆತ್ತಿಯೂ ನೋಡದೆ, ಒಂದು ಹೊರೆ ಕೊಳೆ ಬಟ್ಟೆಯನ್ನು ಬ್ರೆಡ್ಡಿನ ಮೇಲೆ ಎಸೆದು ಒಳಗೆ ಹೋದಳು. “ಅಮ್ಮಾ, ಇದು ಬೇಕರಿ!” ಎಂದು ಬಲಗಡೆಯಪ್ಪ ಕೂಗುವುದರೊಳಗೆ ಕುದುರೆ ಮುಂದಿನ ಮನೆಗೆ ಹೊರಟಿತ್ತು. ಅಲ್ಲಿ ಹೊದಿಕೆಗಳು. ಅದರಾಚೆ ಕಿಟಕಿಯ ಪರದೆಗಳು. ಎದುರಿನಿಂದ ಬರುವ ಗಾಡಿಗಳು ಹಾರನ್ನು ಬಡಿದುಕೊಂಡು ಪಕ್ಕಕ್ಕೆ ಹಾರುತ್ತಿದ್ದವು. ಬೆಳಿಗ್ಗೆ ಅವನ ಬಾಲ ಹಿಡಿದಿದ್ದ ಟ್ಯಾಕ್ಸಿಯವನೂ ಅವರಲ್ಲೊಬ್ಬ. ಅವನು ಅಷ್ಟು ಹೊತ್ತಿಗೆ ಬಲಗಡೆ ಚೆನ್ನಾಗಿ ಕಲಿತಿದ್ದ. “ಏನಣ್ಣ ಇದು! ನಮಗೆಲ್ಲ ಕಲಿಸಿ ನೀನೇ ಹೀಗೆ ಮಾಡೋದಾ?” ಎಂದು ಬೈದು ಹೋದ.

ಬಲಗಡೆಯಪ್ಪನ ಬೀದಿಯ ತಿರುವಿನಲ್ಲಿ ಪೊಲೀಸಿನವನು ಸೀಟಿ ಊದಿದ.

“ಏಯ್! ನಿಲ್ಸು! ಊರೆಲ್ಲ ಒಂದು ಕಡೆ ಆದ್ರೆ ನೀನೇ ಒಂದು ಕಡೆಯೇನೋ? ಇವತ್ತು ಯಾವ ಕಡೆ ಹೋಗ್ಬೇಕು ಅಂತ ಗೊತ್ತಿಲ್ವಾ?”

ಗೊತ್ತಿಲ್ಲವೇ ಅಂತ! ಅದೂ ತನ್ನನ್ನೇ ಕೇಳುವುದೇ? ಬಲಗಡೆಯಪ್ಪನಿಗೆ ಅಭಿಮಾನ ಉಕ್ಕಿತು. ಅವನು ಬಂಡಿಯ ಮೇಲೆ ಎದ್ದು ನಿಂತು, ಜೇಬಿನಿಂದ ಲೈಸೆನ್ಸು ತೆಗೆದು ಪೊಲೀಸಿನವನ ಮೂಗಿನ ಮುಂದೆ ಹಿಡಿದ. “ನೋಡ್ರೀ ಸ್ವಾಮಿ, ಹೊಸ ಪದ್ಧತಿಯಲ್ಲಿ ಊರಿಗೇ ಮೊದಲನೇ ಲೈಸೆನ್ಸು. ನನಗೆ ಕಾನೂನು ಹೇಳಿಕೊಡ್ತೀರಾ?”

ಪೊಲೀಸಿನವನು ಲೈಸೆನ್ಸನ್ನು ತಿರುಗಿಸಿ ಮುರುಗಿಸಿ ನೋಡಿದ.

“ಓಹೋ. ಕುದುರೆ ಬಂಡಿಯವನು, ಪಾಪ ಗೊತ್ತಿಲ್ಲ, ಲೈಸೆನ್ಸೂ ಬೇಕಿಲ್ಲ, ಒಂದು ಮಾತು ಬೈದು ಬಿಟ್ಟುಬಿಡೋಣ ಅಂತಿದ್ದೆ. ಲೈಸೆನ್ಸು ಬೇರೆ ಇಟ್ಕೊಂಡು, ಎಲ್ಲ ಗೊತ್ತಿದ್ದೂ ಗೊತ್ತಿದ್ದೂ ಎಡಗಡೆ ಬರ್ತೀಯೇನೋ?” ಎಂದವನೇ ಲೈಸೆನ್ಸನ್ನು ಮಡಚಿ ತನ್ನ ಜೇಬಿಗೆ ಹಾಕಿಕೊಂಡ. “ಇನ್ನು ಒಂದು ವರ್ಷ ಪರೀಕ್ಷೆ ಕಡೆ ತಲೆ ಹಾಕ್ಬೇಡ. ನಡಿ!”

ಬಲಗಡೆಯಪ್ಪ ಕೂಗಾಡಲು ಬಾಯಿ ತೆರೆದ. ಅಷ್ಟರಲ್ಲಿ ಕುದುರೆಗೆ ಮುಂದಿನ ಗಿರಾಕಿಯ ನೆನಪಾಯಿತು. ಬಂಡಿ ದಡಬಡನೆ ಹೊರಟಿತು. ಕೊಳೆ ಬಟ್ಟೆಯ ರಾಶಿಯ ಮೇಲೆ ಅವನು ದೊಪ್ಪನೆ ಕೂತ.

ಬೀದಿಯಲ್ಲಿ ಎಲ್ಲರೂ ಹೊರಗೆ ನಿಂತಿದ್ದರು. ಮೇಷ್ಟ್ರು ಕುದುರೆ ಎಡಗಡೆ ಬರುವುದನ್ನು ಕಂಡು, “ನೋಡಿದೆಯಾ? ಕತ್ತಿ ಗೆದ್ದಿತು!” ಎಂದು ಕೊಡೆ ಎತ್ತಿದರು. ದರ್ಜಿ ಬಂಡಿಯನ್ನು ಕಂಡು ಟೇಪು ಬೀಸಿದ. ಹೆಂಡತಿ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಅತ್ತೆ ಹೇಳಿದಂತೆ ಬಾಗಿಲಲ್ಲೇ ನಿಂತಿದ್ದಳು. ಬಂಡಿಯನ್ನು ನೋಡಿದಳು, ಬಟ್ಟೆಯನ್ನು ನೋಡಿದಳು, ಬಂಡಿ ಹೋಗುತ್ತಿದ್ದ ಕಡೆಯನ್ನು ನೋಡಿದಳು. ಆಮೇಲೆ ಮಗಳ ಕಡೆ ತಿರುಗಿ ಬೀದಿಗೆಲ್ಲ ಕೇಳುವಂತೆ ಹೇಳಿದಳು:

“ಇಷ್ಟು ವರ್ಷ ಆದ್ಮೇಲೆ ಅಂತೂ ನಮ್ಮ ದೊಡ್ಡಳಿಯಂದಿರು ಎಡಗಡೆ ಹೋಗೋದು ಕಲಿತ್ರು ಕಣೇ!”